ಮೂರು ಅಂಕಿ ಒತ್ತಿದ ಮೇಲೆ: ತುರ್ತು ಕರೆ ಸಾಗುವ ದಾರಿ, ಅದು ಸಿಕ್ಕಿಕೊಳ್ಳುವ ಜಾಗಗಳು

2025ರ ಸೆಪ್ಟೆಂಬರ್ 18ರಂದು ಆಸ್ಟ್ರೇಲಿಯಾದ ದೊಡ್ಡ ಮೊಬೈಲ್ ಕಂಪನಿಯೊಂದು ತನ್ನ ನೆಟ್‌ವರ್ಕ್‌ನ ಫೈರ್‌ವಾಲ್, ಅಂದರೆ ಬೇಡದ ಸಂಪರ್ಕಗಳನ್ನು ತಡೆಯುವ ಕಾವಲು ವ್ಯವಸ್ಥೆ, ಅಪ್‌ಗ್ರೇಡ್ ಮಾಡಿತು. ಕಂಪನಿಗಳು ಆಗಾಗ ಮಾಡುವ ಮಾಮೂಲಿ ಕೆಲಸ ಅದು. ಆದರೆ ಅದಾದ ಮೇಲೆ ಹಲವು ಗಂಟೆಗಳ ಕಾಲ, ದೇಶದ ಕೆಲವು ಭಾಗಗಳಲ್ಲಿ ಆ ಕಂಪನಿಯ ಗ್ರಾಹಕರು 000 ಒತ್ತಿದರೆ ಕರೆ ಸೇರುತ್ತಲೇ ಇರಲಿಲ್ಲ. 000 ಅಲ್ಲಿನ ತುರ್ತು ಸಂಖ್ಯೆ. ನೂರಾರು ಕರೆಗಳು ಹೀಗೆ ತಪ್ಪಿಹೋದವು. ಕರೆ ಮಾಡಿ ಸಹಾಯ ಸಿಗದ ಮನೆಗಳಲ್ಲಿ ಸಾವುಗಳೂ ಆದವು. ಅತ್ತ ಮಾಮೂಲಿ ಕರೆಗಳು ಎಂದಿನಂತೆಯೇ ಹೋಗುತ್ತಿದ್ದವು. ಹಾಗಾಗಿ ತುರ್ತು ಕರೆ ಮಾತ್ರ ನಿಂತಿದೆ ಅನ್ನುವುದು ಬಹಳ ಹೊತ್ತು ಗೊತ್ತೇ ಆಗಲಿಲ್ಲ.

ಮೂರು ಅಂಕಿ ಒತ್ತಿದರೆ ಯಾರೋ ಎತ್ತುತ್ತಾರೆ, ಸಹಾಯ ಬರುತ್ತದೆ ಅಂತ ನಾವೆಲ್ಲ ನಂಬಿಕೊಂಡಿರುತ್ತೇವೆ, ಅಲ್ವಾ? ನಂಬರ್ ನಮಗೆ ಕಾಣುವ ತುದಿ ಅಷ್ಟೇ. ಅದರ ಹಿಂದೆ ಫೋನ್, ಟವರ್, ಕಂಟ್ರೋಲ್ ರೂಂ, ನಕ್ಷೆ, ಪ್ರಶ್ನೆ ಕೇಳುವ ಮನುಷ್ಯರು, ವಾಹನ ಎಲ್ಲ ಇದ್ದಾರೆ. ತುರ್ತು ಸೇವೆ ಸುಧಾರಿಸಬೇಕು ಅಂದ ಕೂಡಲೇ ನಮಗೆ ಹೊಳೆಯುವುದು ಇನ್ನಷ್ಟು ಆಂಬ್ಯುಲೆನ್ಸ್. ಅದೂ ಬೇಕು. ಆದರೆ ಎಷ್ಟೋ ಸಲ ತಡವಾಗುವುದು ವಾಹನ ಹೊರಡುವ ಮೊದಲೇ, ಯಾರ ಕಣ್ಣಿಗೂ ಬೀಳದ ಜಾಗಗಳಲ್ಲಿ. ಈ ಲೇಖನ ಆ ಜಾಗಗಳ ಬಗ್ಗೆ.

ಒಂದೇ ನಂಬರ್ ಯಾಕೆ ಬೇಕಾಯಿತು

1935ರ ನವೆಂಬರ್‌ನಲ್ಲಿ ಲಂಡನ್ನಿನ ವಿಂಪೋಲ್ ಸ್ಟ್ರೀಟ್‌ನ ಮನೆಯೊಂದಕ್ಕೆ ಬೆಂಕಿ ಬಿತ್ತು. ಐವರು ಹೆಂಗಸರು ಸತ್ತರು. ಬೆಂಕಿ ಕಂಡ ನೆರೆಯವರೊಬ್ಬರು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಲು ನೋಡಿದರು. ಆಗ ಕರೆ ಮಾಡಬೇಕಾದರೆ ಮೊದಲು ಎಕ್ಸ್‌ಚೇಂಜ್‌ನ, ಅಂದರೆ ಕರೆಗಳನ್ನು ಜೋಡಿಸುವ ಟೆಲಿಫೋನ್ ಕೇಂದ್ರದ, ಆಪರೇಟರ್ ಸಿಗಬೇಕಿತ್ತು. ಅಲ್ಲಿ ಅವರ ಕರೆಯೂ ಉಳಿದ ಕರೆಗಳ ಜೊತೆ ಸಾಲಿನಲ್ಲಿ ಕಾಯಿತು. ಊಟಕ್ಕೆ ಕರೆಯುವ ಫೋನಿಗೂ ಬೆಂಕಿ ಬಿದ್ದ ಫೋನಿಗೂ ಎಕ್ಸ್‌ಚೇಂಜ್‌ನಲ್ಲಿ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಅವರು ಸಿಟ್ಟಿನಿಂದ ಪತ್ರಿಕೆಗೆ ಪತ್ರ ಬರೆದರು. ವಿಚಾರಣೆ ನಡೆಯಿತು. 1937ರ ಜೂನ್ 30ರಂದು ಲಂಡನ್ನಿನಲ್ಲಿ 999 ಶುರುವಾಯಿತು. ಪ್ರಪಂಚದ ಮೊದಲ ತುರ್ತು ಸಂಖ್ಯೆ ಅಂತ ಅದನ್ನೇ ಹೇಳುತ್ತಾರೆ. ಆ ನಂಬರಿಗೆ ಕರೆ ಬಂದರೆ ಎಕ್ಸ್‌ಚೇಂಜ್‌ನಲ್ಲಿ ಕೆಂಪು ದೀಪ ಹತ್ತಿ ಜೋರಾಗಿ ಹಾರ್ನ್ ಕೂಗುತ್ತಿತ್ತು.

ಸುಲಭವಾಗಿ 111 ಅಂತ ಯಾಕೆ ಇಡಲಿಲ್ಲ? ಆಗಿನ ತಿರುಗಿಸುವ ಫೋನ್‌ಗಳಲ್ಲಿ 1 ಅಂದರೆ ತಂತಿಯಲ್ಲಿ ಒಂದೇ ಒಂದು ಮಿಡಿತ. ಗಾಳಿಗೆ ಎರಡು ತಂತಿ ತಾಗಿದರೂ ಅಂಥ ಮಿಡಿತ ಹುಟ್ಟುತ್ತಿತ್ತು. ಸುಮ್ಸುಮ್ನೆ ತುರ್ತು ಕರೆಗಳು ಬರುವ ಅಪಾಯ ಇತ್ತು. 9 ಆದರೆ ಆಪರೇಟರ್‌ಗೆ ಮೀಸಲಾಗಿದ್ದ 0ಯ ಪಕ್ಕದ ತೂತು. ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ. ನಾಣ್ಯ ಹಾಕುವ ಬೂತ್‌ಗಳಲ್ಲಿ ಆ ಅಂಕಿಯನ್ನು ಉಚಿತ ಮಾಡುವುದೂ ಸುಲಭ ಇತ್ತು.

ಅಮೆರಿಕದಲ್ಲಿ ಮೊದಲ 911 ಕರೆ ಹೋಗಿದ್ದು 1968ರ ಫೆಬ್ರವರಿ 16ರಂದು, ಅಲಬಾಮಾ ರಾಜ್ಯದ ಹೇಲಿವಿಲ್ ಅನ್ನುವ ಪುಟ್ಟ ಊರಿನಲ್ಲಿ. ಯುರೋಪ್ 1991ರಲ್ಲಿ 112 ಅನ್ನು ಎಲ್ಲ ಸದಸ್ಯ ದೇಶಗಳಿಗೂ ಸಾಮಾನ್ಯ ನಂಬರ್ ಮಾಡಲು ತೀರ್ಮಾನಿಸಿತು. ಭಾರತದಲ್ಲಿ ಪೊಲೀಸರಿಗೆ 100, ಬೆಂಕಿಗೆ 101, ಆಂಬ್ಯುಲೆನ್ಸ್‌ಗೆ 108 ಅಂತ ಬೇರೆ ಬೇರೆ ಇದ್ದವನ್ನು ಒಂದೇ 112ರ ಅಡಿಗೆ ತರುವ ಕೆಲಸ 2018ರ ನವೆಂಬರ್‌ನಲ್ಲಿ ಹಿಮಾಚಲ ಪ್ರದೇಶದಿಂದ ಶುರುವಾಯಿತು.

ಒಂದೇ ನಂಬರ್‌ನಿಂದ ಲಾಭ ಏನು? ಗಾಬರಿಯಲ್ಲಿ ಇರುವವರಿಗೆ ಯಾವ ಇಲಾಖೆ ಬೇಕು ಅಂತ ತೀರ್ಮಾನ ಮಾಡಲು ಆಗುವುದಿಲ್ಲ. ರಸ್ತೆ ಅಪಘಾತ ಅಂದರೆ ಪೊಲೀಸರೂ ಬೇಕು, ಆಂಬ್ಯುಲೆನ್ಸೂ ಬೇಕು, ಡೀಸೆಲ್ ಸೋರುತ್ತಿದ್ದರೆ ಅಗ್ನಿಶಾಮಕ ದಳವೂ ಬೇಕು. ಆ ತಲೆನೋವನ್ನು ಕರೆ ಎತ್ತುವವರು ಹೊತ್ತುಕೊಳ್ಳುತ್ತಾರೆ.

ಮೊಬೈಲ್‌ನಲ್ಲಿ 112 ಬರೀ ನಂಬರ್ ಅಲ್ಲ, ಫೋನ್‌ಗೆ ಕೊಡುವ ಒಂದು ಸೂಚನೆ ಕೂಡ. ಮೊಬೈಲ್ ಫೋನ್‌ಗಳು ಬಳಸುವ ಜಿಎಸ್‌ಎಂ ಅನ್ನುವ ತಂತ್ರಜ್ಞಾನದ ನಿಯಮಗಳಲ್ಲೇ ಅದನ್ನು ಸೇರಿಸಿದ್ದಾರೆ. ಫೋನ್ ಲಾಕ್ ಆಗಿದ್ದರೂ ಅದನ್ನು ಒತ್ತಬಹುದು. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೆ, ಅಲ್ಲಿ ಸಿಗುವ ಬೇರೆ ಕಂಪನಿಯ ಟವರ್ ಹಿಡಿದು ಕರೆ ಕಳಿಸಲು ಫೋನ್ ನೋಡುತ್ತದೆ. ಹಲವು ದೇಶಗಳಲ್ಲಿ ಸಿಮ್ ಇಲ್ಲದಿದ್ದರೂ ಕರೆ ಹೋಗುತ್ತದೆ. ಎಲ್ಲ ಕಡೆ ಅಲ್ಲ. ಸಿಮ್ ಇಲ್ಲದ ಫೋನ್‌ಗಳಿಂದ ಹುಡುಗಾಟದ ಕರೆಗಳು ಜಾಸ್ತಿ ಬಂದಿದ್ದರಿಂದ ಜರ್ಮನಿ 2009ರಲ್ಲಿ ಅದನ್ನು ನಿಲ್ಲಿಸಿತು.

ಕರೆ ಹೋಗುವುದು ಎಲ್ಲಿಗೆ

ನೀವು ನಂಬರ್ ಒತ್ತಿದಾಗ ಫೋನ್ ಅದನ್ನು ತುರ್ತು ಕರೆ ಅಂತ ಗುರುತಿಸುತ್ತದೆ. ಟವರ್ ಆ ಕರೆಗೆ ಆದ್ಯತೆ ಕೊಡುತ್ತದೆ. ನೆಟ್‌ವರ್ಕ್ ನೀವಿರುವ ಪ್ರದೇಶಕ್ಕೆ ಸೇರಿದ ಕಂಟ್ರೋಲ್ ರೂಂ ಯಾವುದು ಅಂತ ನೋಡಿ ಅಲ್ಲಿಗೆ ಕರೆ ತಿರುಗಿಸುತ್ತದೆ.

ಕಂಟ್ರೋಲ್ ರೂಂನಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಕೆಲಸ ಇರುತ್ತದೆ. ಒಬ್ಬರು ಕರೆ ಎತ್ತಿ ಮಾತಾಡುತ್ತಾರೆ. ಇನ್ನೊಬ್ಬರು ಯಾವ ವಾಹನ ಎಲ್ಲಿದೆ ಅಂತ ನೋಡಿ ಅದನ್ನು ಹೊರಡಿಸುತ್ತಾರೆ. ಮೊದಲನೆಯವರು ಟೈಪ್ ಮಾಡಿದ್ದು ಅದೇ ಕ್ಷಣ ಎರಡನೆಯವರ ತೆರೆಯ ಮೇಲೆ ಬರುತ್ತದೆ. ಚಿಕ್ಕ ಕೇಂದ್ರಗಳಲ್ಲಿ ಎರಡೂ ಒಬ್ಬರ ತಲೆಯ ಮೇಲೇ ಬೀಳಬಹುದು.

ಬ್ರಿಟನ್‌ನಂಥ ದೇಶದಲ್ಲಿ ಎರಡು ಹಂತ ಇದೆ. ಮೊದಲು ಆಪರೇಟರ್ "ಯಾವ ಸೇವೆ ಬೇಕು?" ಅಂತ ಕೇಳಿ ಪೊಲೀಸರಿಗೋ ಆಂಬ್ಯುಲೆನ್ಸ್‌ಗೋ ದಾಟಿಸುತ್ತಾರೆ. ಫಿನ್‌ಲ್ಯಾಂಡ್‌ನಲ್ಲಿ ಒಬ್ಬರೇ ಎತ್ತಿ, ವಿಷಯ ತಿಳಿದು, ಯಾರನ್ನು ಕಳಿಸಬೇಕು ಅನ್ನುವುದನ್ನೂ ತೀರ್ಮಾನಿಸುತ್ತಾರೆ. ದಾಟಿಸುವಾಗ ಸಮಯ ಹೋಗುತ್ತದೆ, ಹೇಳಿದ್ದನ್ನೇ ಮತ್ತೆ ಹೇಳಬೇಕಾಗಬಹುದು. ಆದರೆ ದಾಟಿಸುವ ಪದ್ಧತಿಯಲ್ಲಿ ಕರೆ ಬೇಗ ಎತ್ತಿಬಿಡಬಹುದು, ಹುಡುಗಾಟದ ಕರೆಗಳನ್ನು ಬಾಗಿಲಲ್ಲೇ ತಡೆಯಬಹುದು. ಯಾವುದು ಮೇಲು ಅಂತ ಒಂದೇ ಮಾತಲ್ಲಿ ಹೇಳಲಾಗದು. ಮೊದಲ ಕೇಂದ್ರದಲ್ಲಿ ಗೊತ್ತಾದ ಮಾಹಿತಿ, ಮುಖ್ಯವಾಗಿ ಲೊಕೇಶನ್, ಮುಂದಿನ ಕೇಂದ್ರಕ್ಕೆ ಕರೆಯ ಜೊತೆಗೇ ತಾನಾಗಿ ಹೋಗುತ್ತದಾ ಅನ್ನುವುದು ಇಲ್ಲಿ ನಿಜಕ್ಕೂ ಮುಖ್ಯವಾದ ವಿಷಯ.

"ನೀವು ಎಲ್ಲಿದ್ದೀರಿ?"

ಇಡೀ ವ್ಯವಸ್ಥೆಯಲ್ಲಿ ಅತಿ ಕಷ್ಟದ ಪ್ರಶ್ನೆ ಇದು. ಲ್ಯಾಂಡ್‌ಲೈನ್ ಕಾಲದಲ್ಲಿ ಇದಕ್ಕೆ ಉತ್ತರ ಸಲೀಸಾಗಿತ್ತು. ತಂತಿ ಯಾವ ಮನೆಗೆ ಹೋಗಿದೆ ಅಂತ ಕಂಪನಿಗೆ ಗೊತ್ತು. ಕರೆ ಬಂದ ಕೂಡಲೇ ವಿಳಾಸ ತೆರೆಯ ಮೇಲೆ ಬರುವಂತೆ ಮಾಡಬಹುದಿತ್ತು. ಮಾತು ಬಾರದ ಸ್ಥಿತಿಯಲ್ಲಿ ಇದ್ದರೂ ವಿಳಾಸ ಸಿಗುತ್ತಿತ್ತು.

ಮೊಬೈಲ್ ಬಂದ ಮೇಲೆ ಆ ಅನುಕೂಲ ಹೋಯಿತು. ಈಗ ಹೆಚ್ಚಿನ ತುರ್ತು ಕರೆಗಳು ಬರುವುದೇ ಮೊಬೈಲ್‌ನಿಂದ. ನೆಟ್‌ವರ್ಕ್‌ಗೆ ಮೊದಲ ಕ್ಷಣದಲ್ಲಿ ಗೊತ್ತಿರುವುದು ನಿಮ್ಮ ಫೋನ್ ಯಾವ ಟವರ್‌ನ ಯಾವ ದಿಕ್ಕಿನ ಆಂಟೆನಾಗೆ ಅಂಟಿಕೊಂಡಿದೆ ಅನ್ನುವುದು ಮಾತ್ರ. ಕತ್ತಲಲ್ಲಿ ಒಂದು ಕಡೆಗೆ ಬಿಟ್ಟ ಟಾರ್ಚ್ ಬೆಳಕಿನ ಹಾಗೆ ಅದು: ನೀವು ಆ ಬೆಳಕಿನೊಳಗೆ ಎಲ್ಲೋ ಇದ್ದೀರಿ, ಎಲ್ಲಿ ಅಂತ ತಿಳಿಯದು. ಪೇಟೆಯಲ್ಲಿ ಟವರ್‌ಗಳು ಒತ್ತೊತ್ತಾಗಿರುವುದರಿಂದ ಹುಡುಕುವ ಜಾಗ ನೂರಾರು ಮೀಟರ್‌ಗೆ ಇಳಿಯಬಹುದು. ಹಳ್ಳಿ, ಕಾಡು, ಹೆದ್ದಾರಿಯಲ್ಲಿ ಅದು ಹಲವು ಕಿಲೋಮೀಟರ್.

ಇಲ್ಲಿ ಯಾರಿಗಾದರೂ ಒಂದು ಅನುಮಾನ ಬರುತ್ತದೆ. ಬಾಡಿಗೆ ಕಾರಿನ ಆಪ್‌ಗೆ ನಾನು ರಸ್ತೆಯ ಯಾವ ಬದಿಯಲ್ಲಿ ನಿಂತಿದ್ದೇನೆ ಅಂತ ಗೊತ್ತಾಗುತ್ತದೆ, ಆಂಬ್ಯುಲೆನ್ಸ್‌ಗೆ ಯಾಕೆ ಗೊತ್ತಾಗಲ್ಲ? ಆಪ್ ನಿಮ್ಮ ಫೋನ್‌ನ ಒಳಗೇ ಕೂತಿದೆ. ಫೋನ್ ಲೆಕ್ಕ ಹಾಕಿದ ಜಾಗವನ್ನು ಇಂಟರ್ನೆಟ್ ಮೂಲಕ ನೇರ ಕಳಿಸುತ್ತದೆ. ತುರ್ತು ಕರೆಯ ದಾರಿಯನ್ನು ಕಟ್ಟಿದ್ದು ಧ್ವನಿ ಸಾಗಿಸಲು. ನಿಮ್ಮ ಫೋನ್‌ಗೆ ಉತ್ತರ ಗೊತ್ತಿದ್ದರೂ ಅದನ್ನು ಕಂಟ್ರೋಲ್ ರೂಂಗೆ ಮುಟ್ಟಿಸುವ ದಾರಿ ಇರಲಿಲ್ಲ.

ಆ ದಾರಿಯನ್ನು ಬಹಳ ಸರಳವಾಗಿ ಮಾಡಿದ್ದು 2014ರ ಹೊತ್ತಿಗೆ ಬ್ರಿಟನ್‌ನಲ್ಲಿ ಶುರುವಾದ ಅಡ್ವಾನ್ಸ್ಡ್ ಮೊಬೈಲ್ ಲೊಕೇಶನ್, ಅಂದರೆ ಎಎಂಎಲ್. ನೀವು ತುರ್ತು ಸಂಖ್ಯೆ ಒತ್ತಿದ ಕೂಡಲೇ ಫೋನ್ ತಾನಾಗಿ ಜಿಪಿಎಸ್, ವೈಫೈ ಆನ್ ಮಾಡಿಕೊಳ್ಳುತ್ತದೆ. ನೀವು ಲೊಕೇಶನ್ ಆಫ್ ಇಟ್ಟಿದ್ದರೂ ಸರಿ. ಸುಮಾರು 20 ಸೆಕೆಂಡಿನಲ್ಲಿ ಸಿಕ್ಕಷ್ಟು ನಿಖರವಾದ ಜಾಗವನ್ನು ಒಂದು ಮೆಸೇಜ್ ಆಗಿ ತುರ್ತು ಕೇಂದ್ರಕ್ಕೆ ಕಳಿಸುತ್ತದೆ. ಆ ಮೆಸೇಜ್ ನಿಮ್ಮ ಫೋನ್‌ನಲ್ಲಿ ಕಾಣುವುದಿಲ್ಲ. ಯಾವ ಆಪ್ ಹಾಕಿಕೊಳ್ಳುವುದೂ ಬೇಡ. ಗೂಗಲ್ 2016ರಲ್ಲಿ, ಆಪಲ್ 2018ರಲ್ಲಿ ಇದನ್ನು ತಮ್ಮ ಫೋನ್‌ಗಳಲ್ಲಿ ಸೇರಿಸಿದವು. ಯುರೋಪಿಯನ್ ಯೂನಿಯನ್‌ನಲ್ಲಿ 2022ರ ಮಾರ್ಚ್‌ನಿಂದ ಮಾರಾಟಕ್ಕೆ ಬರುವ ಸ್ಮಾರ್ಟ್‌ಫೋನ್‌ಗಳಲ್ಲಿ ತುರ್ತು ಕರೆಯ ವೇಳೆ ಫೋನ್‌ನ ಲೊಕೇಶನ್ ಕಳಿಸುವ ಸೌಲಭ್ಯ ಕಡ್ಡಾಯ.

ಆದರೆ ಫೋನ್ ಕಳಿಸಿದರೆ ಸಾಲದು, ಅತ್ತ ಕಡೆ ಹಿಡಿದುಕೊಳ್ಳುವವರೂ ಇರಬೇಕು. ಆ ದೇಶದ ಕೇಂದ್ರ ಎಎಂಎಲ್ ಮೆಸೇಜ್ ಓದುವ ವ್ಯವಸ್ಥೆ ಮಾಡಿಕೊಳ್ಳದಿದ್ದರೆ ನಿಮ್ಮ ಕೈಯಲ್ಲಿರುವ ಫೋನ್ ಎಷ್ಟು ಹೊಸದಾದರೂ ಪ್ರಯೋಜನ ಇಲ್ಲ. ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಕೊಡುವ ಸುಧಾರಣೆ ಇನ್ನೊಂದಿಲ್ಲ ಅಂತಲೇ ನನಗೆ ಅನಿಸುವುದು.

ಬಹುಮಹಡಿ ಕಟ್ಟಡದಲ್ಲಿ ಇನ್ನೊಂದು ತೊಡಕು. ನಕ್ಷೆಯ ಮೇಲೆ ಚುಕ್ಕೆ ಸರಿಯಾಗಿಯೇ ಇರುತ್ತದೆ, ಆದರೆ ಎಷ್ಟನೇ ಮಹಡಿ? ಜಿಪಿಎಸ್‌ಗೆ ಆಕಾಶ ಕಾಣಬೇಕು, ಗೋಡೆಗಳ ನಡುವೆ ಅದು ತಡವರಿಸುತ್ತದೆ. ಅದಕ್ಕೇ ಫೋನ್‌ಗಳು ಸುತ್ತಲಿನ ವೈಫೈ ಸಿಗ್ನಲ್‌ಗಳನ್ನೂ, ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇದ್ದರೆ ಅದನ್ನೂ ಬಳಸುತ್ತವೆ. ಎತ್ತರದ ಲೆಕ್ಕ 3 ಮೀಟರ್ ಹೆಚ್ಚುಕಮ್ಮಿಯೊಳಗೆ ಇರಬೇಕು ಅಂತ ಅಮೆರಿಕದ ಸಂವಹನ ಆಯೋಗ ಗುರಿ ಇಟ್ಟಿದೆ. ಹೆಚ್ಚುಕಡಿಮೆ ಒಂದು ಮಹಡಿಯ ಎತ್ತರ.

ಹೋಟೆಲ್, ಆಫೀಸುಗಳ ಒಳಗಿನ ಫೋನ್‌ಗಳ ಕಥೆ ಬೇರೆಯೇ. ಹೊರಗೆ ಕರೆ ಮಾಡಲು ಮೊದಲು 9 ಒತ್ತಬೇಕಾದ ಫೋನ್‌ಗಳು ನಿಮಗೆ ಗೊತ್ತಿರಬಹುದು. 2013ರ ಡಿಸೆಂಬರ್‌ನಲ್ಲಿ ಅಮೆರಿಕದ ಟೆಕ್ಸಾಸ್‌ನ ಹೋಟೆಲ್ ಕೋಣೆಯೊಂದರಲ್ಲಿ ತಾಯಿಯ ಮೇಲೆ ಹಲ್ಲೆ ಆಗುತ್ತಿದ್ದಾಗ 9 ವರ್ಷದ ಮಗಳು ನಾಲ್ಕು ಸಲ 911 ಒತ್ತಿದಳು. ಒಂದೂ ಹೋಗಲಿಲ್ಲ. ಮೊದಲು ಇನ್ನೊಂದು 9 ಒತ್ತಬೇಕಿತ್ತು. ಮಗುವಿಗೆ ಅದು ಹೇಗೆ ಗೊತ್ತಾಗಬೇಕು? ದೊಡ್ಡವರು ಹೇಳಿಕೊಟ್ಟಿದ್ದನ್ನೇ ಅವಳು ಮಾಡಿದ್ದಳು. ತಾಯಿ ಉಳಿಯಲಿಲ್ಲ. 2018ರಲ್ಲಿ ಅಮೆರಿಕ ಕಾನೂನು ತಂದಿತು. ಇಂಥ ಹೊಸ ಫೋನ್ ವ್ಯವಸ್ಥೆಗಳಲ್ಲಿ 2020ರ ಫೆಬ್ರವರಿಯಿಂದ 911 ನೇರವಾಗಿಯೇ ಹೋಗಬೇಕು.

ಯುರೋಪಿನಲ್ಲಿ ಕಾರುಗಳೇ ಕರೆ ಮಾಡುತ್ತವೆ. 2018ರ ಮಾರ್ಚ್ 31ರ ನಂತರ ಒಪ್ಪಿಗೆ ಪಡೆದ ಹೊಸ ಮಾದರಿಯ ಕಾರುಗಳಲ್ಲಿ ಇಕಾಲ್ ಅನ್ನುವ ಸಾಧನ ಕಡ್ಡಾಯ. ಅಪಘಾತದಲ್ಲಿ ಏರ್‌ಬ್ಯಾಗ್ ತೆರೆದುಕೊಂಡರೆ ಅದು ತಾನಾಗಿ 112ಗೆ ಕರೆ ಮಾಡಿ, ಕಾರು ಎಲ್ಲಿದೆ, ಯಾವ ದಿಕ್ಕಿಗೆ ಹೋಗುತ್ತಿತ್ತು ಅಂತ ತಿಳಿಸುತ್ತದೆ. ಹೆದ್ದಾರಿಯಲ್ಲಿ ದಿಕ್ಕು ಗೊತ್ತಾಗುವುದು ಸಣ್ಣ ವಿಷಯ ಅಲ್ಲ. ಡಿವೈಡರ್‌ನ ಆಚೆ ಬದಿಗೆ ಬಂದ ಆಂಬ್ಯುಲೆನ್ಸ್ ತಿರುಗಿ ಬರಲು ಕಿಲೋಮೀಟರ್‌ಗಟ್ಟಲೆ ಹೋಗಬೇಕಾಗಬಹುದು.

ಎತ್ತುವ ಕೈ ಸಾಲದಿದ್ದರೆ

ಅಮೆರಿಕದಲ್ಲಿ ಬಳಕೆಯಲ್ಲಿರುವ ಒಂದು ಮಾನದಂಡದ ಪ್ರಕಾರ 100ರಲ್ಲಿ 90 ತುರ್ತು ಕರೆಗಳನ್ನು 15 ಸೆಕೆಂಡಿನೊಳಗೆ ಎತ್ತಬೇಕು. ಕೇಳಲು ಸುಲಭ. ಆದರೆ ಕರೆಗಳು ಒಂದಾದ ಮೇಲೆ ಒಂದು ಅಂತ ಸಾಲಾಗಿ ಬರುವುದಿಲ್ಲ. ಹತ್ತು ನಿಮಿಷ ಫೋನೇ ಇರುವುದಿಲ್ಲ. ಆಮೇಲೆ ಹೆದ್ದಾರಿಯಲ್ಲಿ ಒಂದು ಲಾರಿ ಮಗುಚುತ್ತದೆ, ನೋಡಿದವರೆಲ್ಲ ಒಟ್ಟಿಗೆ ಫೋನ್ ಮಾಡುತ್ತಾರೆ. ಅದೇ ನಿಮಿಷದಲ್ಲಿ ಇನ್ನೊಂದು ಮೂಲೆಯಲ್ಲಿ ಯಾರಿಗೋ ಎದೆನೋವು ಬಂದಿರುತ್ತದೆ. ಆ ಕರೆ ಲಾರಿಯ ಕರೆಗಳ ಹಿಂದೆ ನಿಲ್ಲುತ್ತದೆ.

ಇದರ ಗಣಿತವನ್ನು ನೂರು ವರ್ಷಕ್ಕೂ ಹಿಂದೆ ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಎ. ಕೆ. ಎರ್ಲಾಂಗ್ ಲೆಕ್ಕ ಹಾಕಿಟ್ಟಿದ್ದಾರೆ. ಸರಾಸರಿ 10 ಜನರಿಗೆ ಆಗುವಷ್ಟು ಕರೆಗಳು ಇವೆ ಅಂದುಕೊಳ್ಳಿ. ಸರಿಯಾಗಿ 10 ಜನರನ್ನೇ ಕೂರಿಸಿದರೆ ಸಾಲು ಕರಗುವುದೇ ಇಲ್ಲ, ಬೆಳೆಯುತ್ತಲೇ ಹೋಗುತ್ತದೆ. ಕಾಯುವಿಕೆ ತಪ್ಪಬೇಕಾದರೆ ಕೆಲವರು ಕೆಲಸವಿಲ್ಲದೆ ಕೂತಿರಲೇಬೇಕು. ತುರ್ತು ಕೇಂದ್ರದಲ್ಲಿ ಖಾಲಿ ಕೂತಿರುವವರನ್ನು ನೋಡಿ ಸಂಬಳ ದಂಡ ಅಂದುಕೊಳ್ಳುವುದು ತಪ್ಪು. ಅವರು ಖಾಲಿ ಇರುವುದರಿಂದಲೇ ಮುಂದಿನ ಕರೆಯನ್ನು ಬೇಗ ಎತ್ತಲು ಆಗುತ್ತದೆ. ಇನ್ನೊಂದು ಉಪಾಯ, ಒಂದು ಕೇಂದ್ರದ ಸಾಲು ಉದ್ದವಾದರೆ ಹೆಚ್ಚಿನ ಕರೆಗಳು ತಾವಾಗಿ ಇನ್ನೊಂದು ಊರಿನ ಕೇಂದ್ರಕ್ಕೆ ಹರಿಯುವಂತೆ ಮಾಡುವುದು.

ಸಾಲು ಉದ್ದವಾಗಲು ಇನ್ನೊಂದು ಕಾರಣ, ತುರ್ತು ಅಲ್ಲದ ಕರೆಗಳು. ಬೀದಿ ದೀಪ ಹೋಗಿದೆ, ಪಕ್ಕದ ಮನೆಯಲ್ಲಿ ಗಲಾಟೆ, ಮೂರು ದಿನದಿಂದ ಜ್ವರ. ಕರೆ ಮಾಡುವವರನ್ನು ಬೈದು ಪ್ರಯೋಜನ ಇಲ್ಲ, ಅವರಿಗೆ ಬೇರೆ ಎಲ್ಲಿಗೆ ಮಾಡಬೇಕು ಅಂತ ಗೊತ್ತಿರುವುದಿಲ್ಲ. ಅದಕ್ಕೇ ಅಮೆರಿಕದ ಬಾಲ್ಟಿಮೋರ್ 1996ರಲ್ಲಿ 311 ಅನ್ನುವ ಬೇರೆ ನಂಬರ್ ಇಟ್ಟಿತು. ಇಂಗ್ಲೆಂಡಿನಲ್ಲಿ ಜೀವಕ್ಕೆ ಅಪಾಯವಿಲ್ಲದ ಆರೋಗ್ಯದ ತೊಂದರೆಗೆ 111 ಇದೆ. ಮಾನಸಿಕ ಸಂಕಟದಲ್ಲಿ ಇರುವವರಿಗಾಗಿ ಅಮೆರಿಕ 2022ರ ಜುಲೈನಲ್ಲಿ 988 ಶುರು ಮಾಡಿತು.

ಈಚೆಗೆ ಫೋನ್‌ಗಳೇ ಸುಳ್ಳು ಕರೆ ಮಾಡತೊಡಗಿವೆ. ಪವರ್ ಬಟನ್ ಐದು ಸಲ ಒತ್ತಿದರೆ ತುರ್ತು ಕರೆ ಹೋಗುವ ಸೌಲಭ್ಯ ಆಂಡ್ರಾಯ್ಡ್ ಫೋನ್‌ಗಳಲ್ಲಿ ಬಂದ ಮೇಲೆ, 2023ರಲ್ಲಿ ಬ್ರಿಟನ್‌ನಲ್ಲೂ ಯುರೋಪಿನ ಹಲವು ದೇಶಗಳಲ್ಲೂ ಜೇಬಿನಿಂದ ಹೋಗುವ ಕರೆಗಳು ಏಕಾಏಕಿ ಜಾಸ್ತಿಯಾದವು. ಅಪಘಾತ ಗುರುತಿಸುವ ಐಫೋನ್‌ಗಳು ರೋಲರ್ ಕೋಸ್ಟರ್‌ನಲ್ಲಿ ಕೂತವರ, ಹಿಮದಲ್ಲಿ ಸ್ಕೀ ಮಾಡುವವರ ಜೇಬಿನಿಂದ 911ಗೆ ಕರೆ ಮಾಡಿದವು. ಸುಮ್ಮನಿರುವ ಕರೆಯನ್ನೂ ಕೇಂದ್ರದವರು ತಳ್ಳಿಹಾಕುವ ಹಾಗಿಲ್ಲ. ಕೇಳಿಸಿಕೊಳ್ಳಬೇಕು, ಎಷ್ಟೋ ಕಡೆ ವಾಪಸ್ ಕರೆ ಮಾಡಬೇಕು. ಇಂಥ ಸೌಲಭ್ಯಗಳಿಂದ ಜೀವ ಉಳಿದ ಉದಾಹರಣೆಗಳೂ ಇವೆ. ಹಾಗಾಗಿ ತೆಗೆದುಹಾಕುವುದು ಪರಿಹಾರ ಅಲ್ಲ. ಕರೆ ಹೋಗುವ ಮೊದಲು ಫೋನ್ ಜೋರಾಗಿ ಕೂಗಿ ಎಚ್ಚರಿಸುವಂತೆ, ಸುಳ್ಳು ಸುಳಿವುಗಳನ್ನು ಚೆನ್ನಾಗಿ ಜರಡಿ ಹಿಡಿಯುವಂತೆ ಕಂಪನಿಗಳು ತಿದ್ದುತ್ತಾ ಬಂದಿವೆ.

ಇಷ್ಟೊಂದು ಪ್ರಶ್ನೆ ಯಾಕೆ ಕೇಳುತ್ತಾರೆ

"ಮೊದಲು ಆಂಬ್ಯುಲೆನ್ಸ್ ಕಳಿಸಿ, ಆಮೇಲೆ ಪ್ರಶ್ನೆ ಕೇಳಿ!" ಕಂಟ್ರೋಲ್ ರೂಂನಲ್ಲಿ ಕೂತವರು ಈ ಮಾತನ್ನು ಎಷ್ಟು ಸಲ ಕೇಳಿರುತ್ತಾರೋ. ಒಳ್ಳೆಯ ಕೇಂದ್ರಗಳಲ್ಲಿ ಪ್ರಶ್ನೆಗಳಿಂದ ವಾಹನ ತಡವಾಗುವುದಿಲ್ಲ. ಜಾಗ ಮತ್ತು ವಿಷಯ ತಿಳಿದ ಕೂಡಲೇ ಪಕ್ಕದವರು ವಾಹನ ಹೊರಡಿಸಿರುತ್ತಾರೆ. ಮಾತು ಮುಂದುವರಿಯುವುದು ಎರಡು ಕಾರಣಕ್ಕೆ. ದಾರಿಯಲ್ಲಿರುವ ಸಿಬ್ಬಂದಿಗೆ ಮಾಹಿತಿ ಬೇಕು. ಮತ್ತೆ, ಅವರು ಬರುವ ತನಕ ಅಲ್ಲಿ ಇರುವುದು ನೀವು ಮಾತ್ರ.

1970ರ ದಶಕದ ಕೊನೆಯಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ವೈದ್ಯ ಜೆಫ್ ಕ್ಲಾಸನ್ ಇದಕ್ಕೆ ಒಂದು ಪದ್ಧತಿ ಮಾಡಿದರು. ಎದೆನೋವು, ಬಿದ್ದು ಪೆಟ್ಟು, ಉಸಿರಾಟದ ತೊಂದರೆ ಹೀಗೆ ಒಂದೊಂದಕ್ಕೆ ಒಂದೊಂದು ಕಾರ್ಡ್. ಏನು ಕೇಳಬೇಕು, ಏನು ಮಾಡಲು ಹೇಳಬೇಕು ಅಂತ ಅದರಲ್ಲಿ ಬರೆದಿರುತ್ತಿತ್ತು. ಕರೆ ಎತ್ತುವವರು ಡಾಕ್ಟರ್ ಆಗಿರಬೇಕಿಲ್ಲ. ಯಾವ ಸರದಿಯಲ್ಲಿ ಯಾರೇ ಎತ್ತಿದರೂ ಒಂದೇ ಗುಣಮಟ್ಟದ ಪ್ರಶ್ನೆ ಬರುತ್ತದೆ. ಈಗ ಆ ಕಾರ್ಡ್‌ಗಳ ಜಾಗದಲ್ಲಿ ಕಂಪ್ಯೂಟರ್ ತೆರೆ ಇದೆ.

ಇದರ ಬೆಲೆ ಗೊತ್ತಾಗುವುದು ಹೃದಯ ಸ್ತಂಭನದಲ್ಲಿ. ಹೃದಯ ಏಕಾಏಕಿ ನಿಂತಾಗ ಯಾರೂ ಎದೆ ಒತ್ತದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಸುಮಾರು 7ರಿಂದ 10 ಶೇಕಡಾ ಇಳಿಯುತ್ತದೆ. ಆಂಬ್ಯುಲೆನ್ಸ್ ಎಂಟು ನಿಮಿಷಕ್ಕೆ ಬಂದರೂ, ಚುರುಕಾದ ಸೇವೆ ಅಂತ ನಾವು ಮೆಚ್ಚಿದರೂ, ಆ ರೋಗಿಗೆ ಅದು ಬಹಳ ತಡ. ಹಾಗಾಗಿ ಫೋನ್‌ನಲ್ಲೇ ಎದೆ ಒತ್ತುವುದನ್ನು ಹೇಳಿಕೊಡುತ್ತಾರೆ. ಸಿಯಾಟಲ್ ಇರುವ ಕಿಂಗ್ ಕೌಂಟಿಯಲ್ಲಿ 1980ರ ದಶಕದ ಆರಂಭದಲ್ಲೇ ಇದು ಶುರುವಾಗಿತ್ತು.

ಅಲ್ಲಿ ಕೇಳುವುದು ಎರಡೇ ಪ್ರಶ್ನೆ. ಎಚ್ಚರ ಇದೆಯಾ? ಸರಿಯಾಗಿ ಉಸಿರಾಡುತ್ತಿದ್ದಾರಾ? ಎರಡಕ್ಕೂ "ಇಲ್ಲ" ಅಂದರೆ ಎದೆ ಒತ್ತಲು ಶುರು. ತೊಡಕು ಇರುವುದು ಎರಡನೇ ಪ್ರಶ್ನೆಯಲ್ಲಿ. ಹೃದಯ ನಿಂತ ಮೇಲೂ ಕೆಲವು ನಿಮಿಷ ದೇಹ ಆಗೊಮ್ಮೆ ಈಗೊಮ್ಮೆ ಏದುಸಿರು ಎಳೆಯಬಹುದು. ಗೊರಕೆಯ ಹಾಗೆ ಕೇಳಿಸಬಹುದು. ಮನೆಯವರು ಸಹಜವಾಗಿ "ಹೌದು, ಉಸಿರಾಡ್ತಿದ್ದಾರೆ" ಅಂದುಬಿಡುತ್ತಾರೆ. ಅನುಭವ ಇರುವವರು ಅಲ್ಲಿಗೆ ಬಿಡುವುದಿಲ್ಲ.

"ಅವರ ಪಕ್ಕದಲ್ಲೇ ಇದ್ದೀರಾ? ಅವರು ಒಂದೊಂದು ಸಲ ಉಸಿರು ಎಳೆದಾಗಲೂ 'ಈಗ' ಅನ್ನಿ."

"...ಈಗ."

ಆಮೇಲೆ ಮೌನ. ಕರೆ ಎತ್ತಿದವರ ಕಣ್ಣು ಗಡಿಯಾರದ ಮೇಲೆ ಇರುತ್ತದೆ. ಮುಂದಿನ "ಈಗ" ಬರಲು ಹತ್ತು ಸೆಕೆಂಡು ಹಿಡಿದರೆ ಅದು ಸರಿಯಾದ ಉಸಿರಾಟ ಅಲ್ಲ ಅಂತ ಅವರಿಗೆ ಗೊತ್ತಾಗುತ್ತದೆ. ತಕ್ಷಣ ಮಾತು ಬದಲಾಗುತ್ತದೆ: ಅವರನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಫೋನ್ ಸ್ಪೀಕರ್‌ಗೆ ಹಾಕಿ, ಎದೆಯ ನಡುವೆ ಅಂಗೈಯ ಬುಡ, ಅಂದರೆ ಮಣಿಕಟ್ಟಿನ ಹತ್ತಿರದ ಭಾಗ ಇಟ್ಟು ಇನ್ನೊಂದು ಕೈ ಅದರ ಮೇಲಿಡಿ, ಜೋರಾಗಿ ಬೇಗ ಬೇಗ ಒತ್ತಿ. ನಿಮಿಷಕ್ಕೆ 100ರಿಂದ 120 ಸಲ. ಅವರು ಫೋನ್‌ನಲ್ಲಿ ಜೊತೆಗೇ ಎಣಿಸುತ್ತಾರೆ.

ಸ್ಟಾಕ್‌ಹೋಮ್‌ನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಎದೆ ಒತ್ತಲು ತರಬೇತಿ ಪಡೆದ ಸ್ವಯಂಸೇವಕರು ಹತ್ತಿರದಲ್ಲಿ ಇದ್ದರೆ ಅವರ ಫೋನ್‌ಗೆ ಸುದ್ದಿ ಕಳಿಸಿದರು. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ಸುದ್ದಿ ಕಳಿಸಿದ ಪ್ರಕರಣಗಳಲ್ಲಿ 62 ಶೇಕಡಾ ರೋಗಿಗಳಿಗೆ ಆಂಬ್ಯುಲೆನ್ಸ್ ಬರುವ ಮೊದಲೇ ಯಾರೋ ಎದೆ ಒತ್ತಿದ್ದರು. ಕಳಿಸದ ಪ್ರಕರಣಗಳಲ್ಲಿ 48 ಶೇಕಡಾ. ಬದುಕಿದವರ ಸಂಖ್ಯೆಯಲ್ಲಿ ಮಾತ್ರ ಖಚಿತ ಎನ್ನುವಷ್ಟು ವ್ಯತ್ಯಾಸ ಆ ಅಧ್ಯಯನದಲ್ಲಿ ಕಾಣಲಿಲ್ಲ.

ಎಐ ಬಗ್ಗೆಯೂ ಹೀಗೇ ಎಚ್ಚರದಿಂದ ಮಾತಾಡಬೇಕು. ಕೋಪನ್‌ಹೇಗನ್‌ನಲ್ಲಿ ಹಳೆಯ ತುರ್ತು ಕರೆಗಳ ರೆಕಾರ್ಡಿಂಗ್ ಕೇಳಿಸಿದಾಗ, ಹೃದಯ ಸ್ತಂಭನವನ್ನು ಗುರುತಿಸುವುದರಲ್ಲಿ ಕಂಪ್ಯೂಟರ್ ಮನುಷ್ಯರಿಗಿಂತ ಮುಂದಿತ್ತು. ಆದರೆ ನಿಜವಾದ ಕರೆಗಳ ವೇಳೆ ಅದು ಸಿಬ್ಬಂದಿಗೆ ಎಚ್ಚರಿಕೆ ಕೊಡುವಂತೆ ಮಾಡಿ ನೋಡಿದಾಗ, ಸಿಬ್ಬಂದಿ ಗುರುತಿಸಿದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಕಂಪ್ಯೂಟರ್‌ಗೆ ಗೊತ್ತಾಗುವುದು ಬೇರೆ, ಫೋನ್ ಹಿಡಿದವರು ಅದನ್ನು ನಂಬಿ ಆ ಕ್ಷಣದಲ್ಲಿ ನಡೆದುಕೊಳ್ಳುವುದು ಬೇರೆ.

ಮಾತಾಡಲು ಆಗದವರು

ತುರ್ತು ಕರೆ ಅಂದರೆ ಮಾತು ಅಂತ ಅಂದುಕೊಂಡು ಕಟ್ಟಿದ ವ್ಯವಸ್ಥೆ ಕಿವಿ ಕೇಳದವರನ್ನು ಹೊರಗಿಟ್ಟಿತ್ತು. ಮೆಸೇಜ್ ಮೂಲಕ ಸಹಾಯ ಕೇಳುವ ಸೌಲಭ್ಯ ಈಗ ಹಲವು ದೇಶಗಳಲ್ಲಿ ಇದೆ. ಬ್ರಿಟನ್‌ನಲ್ಲಿ 2022ರ ಜೂನ್‌ನಿಂದ ವಿಡಿಯೊ ಕರೆಯಲ್ಲಿ ಸನ್ನೆ ಭಾಷೆಯ ಮೂಲಕವೂ 999 ಸೇವೆ ಸಿಗುತ್ತದೆ.

ಹಲ್ಲೆ ಮಾಡುವವನು ಪಕ್ಕದ ಕೋಣೆಯಲ್ಲೇ ಇದ್ದರೆ ಕಿವಿ, ಬಾಯಿ ಚೆನ್ನಾಗಿದ್ದರೂ ಮಾತಾಡಲು ಆಗದು. ಬ್ರಿಟನ್‌ನಲ್ಲಿ ಮೊಬೈಲ್‌ನಿಂದ 999 ಮಾಡಿ ಮೌನವಾಗಿದ್ದರೆ, 55 ಒತ್ತಿ ಅನ್ನುವ ಸೂಚನೆ ಬರುತ್ತದೆ. ಒತ್ತಿದರೆ ಇದು ಜೇಬಿನಿಂದ ಬಂದ ಕರೆ ಅಲ್ಲ ಅಂತ ತಿಳಿದು ಪೊಲೀಸರಿಗೆ ದಾಟಿಸುತ್ತಾರೆ. ಇದು ಗೊತ್ತಿದ್ದರೆ ಮಾತ್ರ ಉಪಯೋಗ. ಗೊತ್ತಿಲ್ಲದವರೇ ಜಾಸ್ತಿ ಇರುತ್ತಾರೆ, ಅದೇ ಬೇಸರದ ಸಂಗತಿ.

ವ್ಯವಸ್ಥೆಯೇ ಬಿದ್ದಾಗ

2014ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ನಡೆದದ್ದನ್ನು ನೋಡಿ. ಬಿರುಗಾಳಿ ಇಲ್ಲ, ಭೂಕಂಪ ಇಲ್ಲ. ಕೊಲರಾಡೊದ ಒಂದು ಕೇಂದ್ರದಲ್ಲಿ ಹಲವು ರಾಜ್ಯಗಳ 911 ಕರೆಗಳನ್ನು ಹಂಚುವ ಸಾಫ್ಟ್‌ವೇರ್ ಇತ್ತು. ಅದು ಪ್ರತಿ ಕರೆಗೂ ಒಂದು ಕ್ರಮಸಂಖ್ಯೆ ಕೊಡುತ್ತಿತ್ತು. ಆ ಸಂಖ್ಯೆಗೆ ಯಾರೋ ಹಿಂದೆ ಒಂದು ಮಿತಿ ಇಟ್ಟಿದ್ದರು, 4 ಕೋಟಿ. ಒಂದು ರಾತ್ರಿ ಎಣಿಕೆ ಆ ಮಿತಿ ಮುಟ್ಟಿತು. ಹೊಸ ಸಂಖ್ಯೆ ಕೊಡಲಾಗದೆ ಅದು ಕರೆಗಳನ್ನು ಕಳಿಸುವುದನ್ನೇ ನಿಲ್ಲಿಸಿತು. ಸುಮಾರು ಆರು ಗಂಟೆ, ಏಳು ರಾಜ್ಯಗಳಲ್ಲಿ, 1.1 ಕೋಟಿ ಜನರಿರುವ ಪ್ರದೇಶದಲ್ಲಿ 6,600ಕ್ಕೂ ಹೆಚ್ಚು ಕರೆಗಳು ಸೇರಲಿಲ್ಲ. ಬದಲಿ ಕೇಂದ್ರ ಇನ್ನೊಂದು ಊರಿನಲ್ಲಿ ಇತ್ತು. ಆದರೆ ತೊಂದರೆಯ ಎಚ್ಚರಿಕೆ ಸರಿಯಾದವರ ಕಣ್ಣಿಗೆ ಬೇಗ ಬೀಳಲಿಲ್ಲ, ಹಾಗಾಗಿ ಕರೆಗಳನ್ನು ಅತ್ತ ತಿರುಗಿಸಲು ತಡವಾಯಿತು.

2023ರ ಜೂನ್ 25ರಂದು ಬ್ರಿಟನ್‌ನ 999 ಕೆಟ್ಟಾಗಲೂ ಬದಲಿ ವ್ಯವಸ್ಥೆ ಇತ್ತು. ಅದಕ್ಕೆ ಬದಲಾಯಿಸುವ ಮೊದಲ ಪ್ರಯತ್ನವೇ ಸೋತಿತು. ಸೂಚನೆಗಳನ್ನು ಸರಿಯಾಗಿ ಬರೆದಿಟ್ಟಿರಲಿಲ್ಲ, ಮಾಡುವವರಿಗೆ ಅಭ್ಯಾಸ ಇರಲಿಲ್ಲ. ಬದಲಾಯಿಸಿದ ಮೇಲೆ ನೋಡಿದರೆ ಅಷ್ಟೊಂದು ಕರೆಗಳನ್ನು ತಾಳಿಕೊಳ್ಳುವ ಶಕ್ತಿ ಅದಕ್ಕೆ ಇರಲಿಲ್ಲ. ಸುಮಾರು 14,000 ಕರೆಗಳು ತಪ್ಪಿದವು. ಅಲ್ಲಿನ ನಿಯಂತ್ರಣ ಸಂಸ್ಥೆ 1.75 ಕೋಟಿ ಪೌಂಡ್ ದಂಡ ಹಾಕಿತು.

ಇನ್ನೂ ಹಳೆಯದು ಲಂಡನ್ನಿನ ಆಂಬ್ಯುಲೆನ್ಸ್ ಸೇವೆಯ ಕಥೆ. 1992ರ ಅಕ್ಟೋಬರ್ 26ರಂದು ಚೀಟಿಯಲ್ಲಿ ಬರೆದು ಕಳಿಸುವ ಪದ್ಧತಿ ಬಿಟ್ಟು ಇಡೀ ನಗರಕ್ಕೆ ಒಂದೇ ದಿನ ಕಂಪ್ಯೂಟರ್ ತಂದರು. ಪ್ರತಿ ವಾಹನ ಎಲ್ಲಿದೆ ಅಂತ ತನಗೆ ಸರಿಯಾಗಿ ಗೊತ್ತಿರುತ್ತದೆ ಅಂದುಕೊಂಡು ಆ ಸಾಫ್ಟ್‌ವೇರ್ ಕೆಲಸ ಮಾಡುತ್ತಿತ್ತು. ವಾಸ್ತವದಲ್ಲಿ ಆ ಮಾಹಿತಿ ಆಗಾಗ ತಪ್ಪುತ್ತಿತ್ತು. ಒಂದೇ ಜಾಗಕ್ಕೆ ಎರಡು ಆಂಬ್ಯುಲೆನ್ಸ್ ಹೋದವು, ಇನ್ನೊಂದು ಕಡೆಗೆ ಒಂದೂ ಹೋಗಲಿಲ್ಲ. ಎಚ್ಚರಿಕೆಯ ಸಾಲುಗಳು ಎಷ್ಟು ಬಂದವೆಂದರೆ, ಓದದೇ ಇದ್ದ ಹಳೆಯವು ತೆರೆಯಿಂದ ಮೇಲೆ ಸರಿದು ಮರೆಯಾದವು. ಸಹಾಯ ಬರದೆ ಜನ ಮತ್ತೆ ಮತ್ತೆ ಕರೆ ಮಾಡಿದರು, ಅದರಿಂದ ಸಾಲು ಇನ್ನೂ ಬೆಳೆಯಿತು. ಎರಡೇ ದಿನಕ್ಕೆ ಅರ್ಧ ಹಳೆಯ ಪದ್ಧತಿಗೆ ಮರಳಿದರು. ಹೊಸದನ್ನು ಒಂದೇ ಏಟಿಗೆ ಎಲ್ಲ ಕಡೆ ತರಬಾರದು, ಹಳೆಯದನ್ನು ಪಕ್ಕದಲ್ಲಿ ಉಳಿಸಿಕೊಂಡಿರಬೇಕು ಅನ್ನುವುದಕ್ಕೆ ಈ ಪ್ರಕರಣವನ್ನು ಈಗಲೂ ಎಂಜಿನಿಯರಿಂಗ್ ತರಗತಿಗಳಲ್ಲಿ ಪಾಠ ಮಾಡುತ್ತಾರೆ.

ಈಗ ಒಂದು ಪ್ರಶ್ನೆ ಉಳಿಯುತ್ತದೆ. ಒಂದು ಕಂಪನಿಯ ನೆಟ್‌ವರ್ಕ್ ಕೆಟ್ಟರೆ ಫೋನ್ ಬೇರೆ ಕಂಪನಿಯ ಟವರ್ ಹಿಡಿಯುತ್ತದೆ ಅಂದೆ. ಹಾಗಾದರೆ ಆಸ್ಟ್ರೇಲಿಯಾದಲ್ಲಿ ಯಾಕೆ ಹಿಡಿಯಲಿಲ್ಲ? ಮುಖ್ಯ ಕಾರಣ, ಟವರ್‌ಗಳು ಸತ್ತಿರಲಿಲ್ಲ. ನೆಟ್‌ವರ್ಕ್‌ನ ಒಳಗಡೆ ಮಾತ್ರ ದಾರಿ ಕಡಿದಿತ್ತು. ಫೋನ್‌ಗೆ ತನ್ನ ಕಂಪನಿಯ ಸಿಗ್ನಲ್ ಚೆನ್ನಾಗಿ ಕಾಣುತ್ತಿತ್ತು, ಹಾಗಾಗಿ ಅಲ್ಲೇ ಪ್ರಯತ್ನಿಸುತ್ತಾ ಉಳಿಯಿತು. ಒಳಗಿನ ದಾರಿ ಕಡಿದಾಗ ಟವರ್ ತಾನಾಗಿ ಸಿಗ್ನಲ್ ನಿಲ್ಲಿಸಿ, ಫೋನ್‌ಗಳನ್ನು ಬೇರೆ ಟವರ್‌ಗೆ ಹೋಗಲು ಬಿಡುವಂತೆ ಮಾಡಬೇಕು. 2023ರ ನವೆಂಬರ್‌ನಲ್ಲಿ ಇದೇ ದೇಶದಲ್ಲಿ ನೆಟ್‌ವರ್ಕ್ ಬಿದ್ದು 2,145 ಜನರಿಗೆ 000 ಸಿಗದೆ ಹೋದಾಗಲೂ ಇದೇ ವಿಷಯ ಚರ್ಚೆಗೆ ಬಂದಿತ್ತು. ಇದನ್ನು ಕಾಗದದ ಮೇಲೆ ಬರೆದಿಟ್ಟರೆ ಆಗದು. ಬೇಕಂತಲೇ ಒಂದೊಂದು ಭಾಗ ಆಫ್ ಮಾಡಿ, ನಿಜವಾದ ಫೋನ್‌ಗಳಿಂದ ಕರೆ ಮಾಡಿ ನೋಡಬೇಕು.

ಕರೆ ಮಾಡುವವರ ಕೈಯಲ್ಲಿ ಇರುವುದು

ಮೊದಲು ಜಾಗ ಹೇಳಿ, ಆಮೇಲೆ ಏನಾಯಿತು ಅಂತ ಹೇಳಿ. ಮಧ್ಯದಲ್ಲಿ ಕರೆ ಕಡಿದುಹೋದರೂ ಜಾಗ ಗೊತ್ತಿದ್ದರೆ ಯಾರಾದರೂ ಬರುತ್ತಾರೆ. ವಿಳಾಸ ಗೊತ್ತಿಲ್ಲದಿದ್ದರೆ ಕಣ್ಣಿಗೆ ಬೀಳುವ ಬೋರ್ಡ್, ಕಿಲೋಮೀಟರ್ ಕಲ್ಲಿನ ಸಂಖ್ಯೆ, ಯಾವ ಕಡೆಗೆ ಹೋಗುತ್ತಿದ್ದಿರಿ ಅನ್ನುವುದು ಹೇಳಿ. ಮಹಡಿ ಮರೆಯಬೇಡಿ. ಇಬ್ಬರು ಇದ್ದರೆ ಒಬ್ಬರು ಗೇಟಿನ ಹತ್ತಿರ ನಿಲ್ಲಲಿ.

ಎತ್ತುವುದು ಸ್ವಲ್ಪ ತಡವಾದರೆ ಕಟ್ ಮಾಡಿ ಮತ್ತೆ ಮಾಡಬೇಡಿ. ಎಷ್ಟೋ ಕಡೆ ಹಾಗೆ ಮಾಡಿದರೆ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತೀರಿ. ಅಕಸ್ಮಾತ್ ಒತ್ತಿ ಕರೆ ಹೋಗಿಬಿಟ್ಟರೂ ಗಾಬರಿಯಿಂದ ಕಟ್ ಮಾಡಬೇಡಿ. ಎತ್ತುವ ತನಕ ಇದ್ದು "ತಪ್ಪಿ ಒತ್ತಿದೆ, ಏನೂ ತೊಂದರೆ ಇಲ್ಲ" ಅನ್ನಿ. ಕಟ್ ಮಾಡಿದರೆ ನೀವು ಅಪಾಯದಲ್ಲಿ ಇರಬಹುದು ಅಂತ ಅವರು ನಿಮ್ಮನ್ನು ಹುಡುಕಿಕೊಂಡು ವಾಪಸ್ ಕರೆ ಮಾಡುತ್ತಾ ಕೂರಬೇಕಾಗುತ್ತದೆ, ಆ ಹೊತ್ತಿಗೆ ಇನ್ನೊಬ್ಬರ ಫೋನ್ ರಿಂಗ್ ಆಗುತ್ತಿರುತ್ತದೆ.